ಅಂಗಳದಲ್ಲಿ ಆನೆ, ಕತ್ತೆ ಮತ್ತು ನಮ್ಮ ಸಾಹೇಬರು

ಓದುವವರಿಗೆಲ್ಲ ನಮಸ್ಕಾರ. ನಾನು ಎಸ್ಸೆಸ್ಸೆಲ್ಸಿ ಪಾಸಾಗುವ ಹೊತ್ತಿಗೆ ನನ್ನ ಜೊತೆಯವರಿಗೆಲ್ಲ ಮದುವೆಯಾಗಿತ್ತು. ಹಾಗಾಗಿ ಒತ್ತು, ದೀರ್ಘ ಎಲ್ಲಾದರೂ ಜಾರಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದೇನೆ. ಆ ಬೆರಳನ್ನೂ ಸೇರಿಸಿ ಕ್ಷಮಿಸಿ.

ನಮ್ಮ ಹಿರಿಯೂರಿನ ಕಡೆ ಒಂದು ಮರ್ಯಾದೆ ಇದೆ. ವೋಟು ಕೇಳಿಕೊಂಡು ಬಾಗಿಲಿಗೆ ಬಂದವರಿಗೆ ಇಲ್ಲ ಅನ್ನುವುದಿಲ್ಲ. ಬೆಳಿಗ್ಗೆ ಬಂದವರಿಗೆ ‘ಆಯ್ತು ಬಿಡಿ ಸ್ವಾಮಿ, ನಮ್ಮನೇದು ನಿಮಗೇ’ ಅನ್ನುತ್ತೇವೆ. ಸಂಜೆ ಅವರ ಎದುರಾಳಿ ಬಂದರೂ ಅದೇ ಮಾತು. ಅದು ಸುಳ್ಳಲ್ಲ, ಉಪಚಾರ. ಬಂದವರಿಗೂ ಗೊತ್ತಿರುತ್ತದೆ. ಆದರೆ ಅಮೆರಿಕದವರಿಗೆ ಗೊತ್ತಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ.

ನನ್ನ ಹೆಂಡತಿ ಶಕುಂತಲಾ ಧಾರವಾಡದವಳು, ನರ್ಸು. ಅವಳ ನೌಕರಿಯ ಸೆರಗು ಹಿಡಿದುಕೊಂಡೇ ನಾನು ಹ್ಯೂಸ್ಟನ್ ಪಕ್ಕದ ಈ ಶುಗರ್ ಲ್ಯಾಂಡಿಗೆ ಬಂದದ್ದು. ಸಿಟಿಜನ್ ಆದ ಮೇಲೆ ನನಗಿದು ಮೊದಲ ಚುನಾವಣೆ. ಇಲ್ಲಿ ಒಂದು ದೊಡ್ಡ ಪಕ್ಷದ ಗುರುತು ಆನೆ, ಇನ್ನೊಂದರದು ಕತ್ತೆ. ನಮ್ಮೂರಲ್ಲಿ ಕತ್ತೆ ಗುರುತು ಕೊಟ್ಟಿದ್ದರೆ ಅಭ್ಯರ್ಥಿ ನಾಚಿಕೊಂಡು ಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಇಲ್ಲಿ ಹೆಮ್ಮೆಯಿಂದ ಎದೆಗೆ ಅಂಟಿಸಿಕೊಳ್ಳುತ್ತಾರೆ.

ಒಂದು ಮಧ್ಯಾಹ್ನ ಕತ್ತೆ ಪಕ್ಷದ ಅಜ್ಜಿಯೊಬ್ಬರು ಬಂದರು. ಟೀ ಕೊಟ್ಟು, ನಮ್ಮನೇದು ನಿಮಗೇ ಎಂದೆ. ಆಕೆ ಖುಷಿಯಾಗಿ ಮನೆ ಮುಂದಿನ ಹುಲ್ಲಿನ ಮೇಲೆ ಅವರ ಬೋರ್ಡು ನೆಟ್ಟು ಹೋದರು. ಇಲ್ಲಿ ಅಂಗಳದಲ್ಲಿ ಯಾರ ಬೋರ್ಡೋ, ಮನೆಯ ವೋಟು ಅವರಿಗೇ ಎಂದು ಬೀದಿಗೆಲ್ಲ ಸಾರಿದ ಹಾಗೆ. ಮರುದಿನ ಆನೆ ಪಕ್ಷದ ಯುವಕ ಬಂದು ಮೊಟ್ಟೆ ರೇಟು, ಪೆಟ್ರೋಲ್ ರೇಟು ಎಲ್ಲ ಒಪ್ಪಿಸಿದ. ಅವನಿಗೂ ಹ್ಞೂಂ ಎಂದೆ. ಅವನೂ ನೆಟ್ಟ.

ಡ್ಯೂಟಿ ಮುಗಿಸಿ ಬಂದ ಶಕುಂತಲಾ ಕಾರಿನಿಂದ ಇಳಿಯಲೇ ಇಲ್ಲ. ಗಾಜು ಇಳಿಸಿ, “ಏನ್ರೀ ಇದು? ಮನಿ ಮುಂದ ಕುಸ್ತಿ ಇಟ್ಟೀರೇನು?” ಅಂದಳು.

“ಪಾಪ, ಬಿಸಿಲಲ್ಲಿ ಬಂದಿದ್ರು ಕಣೇ.”

“ನಾಳೆ ಹಾವಾಡಿಗ ಬಂದ್ರೂ ಹ್ಞೂಂ ಅಂತೀರಿ ನೀವು. ಶನಿವಾರ ನಿಮ್ಮ ಸಾಹೇಬ ಬರ್ತಾನ, ನೆನಪೈತಿಲ್ಲೋ?”

ನೆನಪಿತ್ತು. ಎರಡು ದಿನದಿಂದ ಅನ್ನ ಸೇರದಿದ್ದುದೇ ಅದಕ್ಕೆ. ನಾನಿರುವುದು ಎಣ್ಣೆ ಬಾವಿಗಳಿಗೆ ವಾಲ್ವು ಮಾರುವ ಗೋದಾಮಿನಲ್ಲಿ. ಉಕ್ಕು ಹೊರದೇಶದ್ದು. ಚುನಾವಣೆ ಮುಗಿದರೆ ಆಮದು ಸುಂಕ ಏನಾಗುತ್ತದೋ ಎಂದು ಗಿರಾಕಿಗಳು ಆರ್ಡರ್ ನಿಲ್ಲಿಸಿದ್ದರು. ಆರ್ಡರ್ ನಿಂತು ಕೆಲಸ ಹೋದದ್ದಕ್ಕೆ ಜನರಿಗೆ ಸಿಟ್ಟು. ಆ ಸಿಟ್ಟು ಹಿಡಿದು ಎರಡೂ ಪಕ್ಷದವರು ಇನ್ನೂ ಜೋರು ಭಾಷಣ ಮಾಡಿದರು. ಭಾಷಣ ಕೇಳಿ ಗಿರಾಕಿಗಳು ಇನ್ನಷ್ಟು ಹೆದರಿದರು. ಗಾಣದೆತ್ತು ಸುತ್ತಿದ ಹಾಗೆ. ಹಿಂಡಿಸಿಕೊಳ್ಳುವ ಎಳ್ಳು ಮಾತ್ರ ನಾವು. ನಮ್ಮ ಸಾಹೇಬರಾದ ವಾಲ್ಟರ್ ಬಹಳ ಸಭ್ಯರು, ಕೆಟ್ಟ ಸುದ್ದಿಯನ್ನು ಮನೆಗೇ ಬಂದು ಹೇಳುತ್ತಾರೆ. ಹಿಂದೆ ಅವರು ಯಾರ ಮನೆಗೆ ಹೋಗಿದ್ದರೋ ಅವರು ಸೋಮವಾರ ಗೋದಾಮಿನಲ್ಲಿ ಕಾಣಿಸಿರಲಿಲ್ಲ.

ಸಾಹೇಬರಿಗೆ ಆಗದ ಬೋರ್ಡನ್ನಾದರೂ ತೆಗೆಯಬೇಕು. ಆದರೆ ಯಾವುದು? ವಾಲ್ಟರ್ ಯಾವ ಪಕ್ಷ? ಡಲ್ಲಾಸ್ ಕಡೆಯ ಮೆಕಿನ್ನಿಯಲ್ಲಿರುವ ಗೆಳೆಯ ನಾಗೇಂದ್ರನಿಗೆ ಫೋನ್ ಮಾಡಿದೆ. “ಎಣ್ಣೆ ಬಿಸಿನೆಸ್ ಅಲ್ವೇನೋ? ಕಣ್ಣುಮುಚ್ಕೊಂಡು ಆನೆ ಇಟ್ಕೋ” ಅಂದ. ಆಸ್ಟಿನ್‌ನಲ್ಲಿರುವ ಭಾವಮೈದುನ ಗುರುರಾಜ, “ಮಾವಾ, ಸುಂಕ ಹೆಚ್ಚು ಮಾಡ್ತೀವಿ ಅನ್ನೋರು ಆ ಆನಿಯವರೇ ಅಲ್ರೀ? ನಿಮ್ಮ ಸಾಹೇಬಗ ಉಕ್ಕು ಬೇಕೋ ಬ್ಯಾಡೋ? ಕತ್ತೆ ಇರ್ಲಿ” ಅಂದ. ಇಬ್ಬರ ಮಾತೂ ಸರಿ ಅನ್ನಿಸಿತು. ನನ್ನ ರೋಗವೇ ಅದು.

ಶನಿವಾರ ವಾಲ್ಟರ್ ಅವರ ಟ್ರಕ್ಕು ಬೀದಿ ತಿರುವಿನಲ್ಲಿ ಕಾಣಿಸಿತು. ಕಿಟಕಿಯಿಂದ ಮಗಳು, “ಅಪ್ಪಾ, ಜಸ್ಟ್ ಪಿಕ್ ಒನ್!” ಎಂದು ಕೂಗಿದಳು. ಓಡಿಹೋಗಿ ಆನೆ ಕಿತ್ತೆ. ಮನಸ್ಸು ತಡೆಯದೆ ಕತ್ತೆಯನ್ನೂ ಕಿತ್ತೆ. ಅವರು ಇಳಿಯುವಾಗ ನನ್ನ ಒಂದೊಂದು ಕಂಕುಳಲ್ಲಿ ಒಂದೊಂದು ಪಕ್ಷ.

ವಾಲ್ಟರ್ ಎರಡನ್ನೂ ನೋಡಿದರು. “ಯಾವುದು ನಿನ್ನದು?”

“ಎರಡೂ, ಸಾರ್.”

ಅವರು ನಗಲಿಲ್ಲ. ಒಳಗೆ ಬಂದು ಶಕುಂತಲಾ ಕೊಟ್ಟ ಚಿತ್ರಾನ್ನ ಮುಟ್ಟದೆ ಕುಳಿತರು. ಅವಳು ಅಡುಗೆಮನೆ ಬಾಗಿಲಲ್ಲೇ ನಿಂತಳು. ವಾಲ್ಟರ್ ಹೇಳಿದರು: “ಗೋದಾಮಿನಲ್ಲಿ ನಿನಗೆ ಇನ್ನು ಕೆಲಸವಿಲ್ಲ.” ಶಕುಂತಲಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. “ಆದರೆ ಕೌಂಟರಿನಲ್ಲಿ ಒಂದು ಜಾಗವಿದೆ. ಬಂದವರೆಲ್ಲ ಹಳೇ ರೇಟೇ ಬೇಕು ಅಂತಾರೆ. ಗಟ್ಟಿಯಾಗಿ ಇಲ್ಲ ಅನ್ನುವವನು ಬೇಕು. ನಿನ್ನ ಕೈಲಾಗುತ್ತಾ?”

ನನ್ನ ಬಾಯಿ ತಾನಾಗಿಯೇ ಹೇಳಿತು: “ಆಯ್ತು, ಸಾರ್.”

ಅವರು ಹೋದ ಮೇಲೆ ಶಕುಂತಲಾ, “ಹುಟ್ಟಿದಾಗಿಂದ ಒಬ್ಬರಿಗರೆ ಇಲ್ಲ ಅಂದೀರೇನ್ರೀ?” ಎಂದು ಕೇಳಿ, ಅಳುತ್ತಾಳೋ ನಗುತ್ತಾಳೋ ತಿಳಿಯದ ಹಾಗೆ ಚಿತ್ರಾನ್ನ ನನ್ನ ಮುಂದೆ ತಳ್ಳಿದಳು.

ಈಗ ಕೌಂಟರಿನಲ್ಲಿದ್ದೇನೆ. ಇಲ್ಲ ಅನ್ನಲು ಇವತ್ತಿಗೂ ಬಂದಿಲ್ಲ. ರೇಟು ಯಾವಾಗ ಇಳಿಯುತ್ತೆ ಎಂದು ಕೇಳಿದವರಿಗೆ, ‘ಈ ಚುನಾವಣೆ ಒಂದು ಮುಗೀಲಿ’ ಅನ್ನುತ್ತಿದ್ದೆ. ಮುಗಿಯಿತು, ರೇಟು ಇನ್ನೂ ಏರಿತು, ಅವರೇ ಮತ್ತೆ ಬಂದರು. ‘ಮುಂದಿನದು ಮುಗೀಲಿ’ ಎಂದು ಬೆನ್ನು ತಟ್ಟಿ ಬಿಲ್ಲು ಕೊಟ್ಟೆ. ನಂಬಿಕೊಂಡು ಹೋದರು. ನೀವು ಹೀಗೇ ಹ್ಞೂಂ ಅಂದು ಎಲ್ಲಾದರೂ ಸಿಕ್ಕಿಬಿದ್ದಿದ್ದರೆ ದಯವಿಟ್ಟು ಬರೆದು ತಿಳಿಸಿ. ಎಲ್ಲರಿಗೂ ಉತ್ತರ ಬರೆಯುತ್ತೇನೆ ಎಂದು ಮಾತು ಕೊಡುತ್ತೇನೆ. ನನ್ನ ಮಾತಿನ ಬೆಲೆ ನಿಮಗೆ ಈಗ ಗೊತ್ತಾಗಿದೆಯಲ್ಲ.