ಹಿಂದಿನಿಂದ ಬರಬೇಕಾದ ಸದ್ದು

ಸೋಫಾದ ಹಿಂದಿನ ಗೋಡೆಯ ಮೇಲೆ ಕೂತಿದ್ದ ಎರಡು ಪುಟ್ಟ ಸ್ಪೀಕರುಗಳು ಬಾಯಿ ಬಿಡಲಿಲ್ಲ. ಅವತ್ತಿನ ರಾಮಾಯಣವೆಲ್ಲ ಶುರುವಾದದ್ದು ಅಲ್ಲಿಂದಲೇ. ರಿಮೋಟಿನಲ್ಲಿದ್ದ ಪರೀಕ್ಷೆಯ ಗುಂಡಿ ಒತ್ತಿದರೆ ಎರಡೂ ಹಾಜರಿ ಕೂಗಿದಾಗ ಎದ್ದು ನಿಲ್ಲುವ ಮಕ್ಕಳಂತೆ ಒಂದಾದ ಮೇಲೊಂದು 'ಗುಂಯ್' ಅನ್ನುತ್ತಿದ್ದವು. ಟಿವಿಯಲ್ಲಿ ಸಿನಿಮಾದ ಆ್ಯಪ್ ತೆರೆದ ಕೂಡಲೇ ಮೂಕವಾಗುತ್ತಿದ್ದವು. ಗುಡುಗು, ಗುಂಡು, ಹೆಲಿಕಾಪ್ಟರು ಎಲ್ಲವೂ ಟಿಕೆಟ್ ಕಿಟಕಿಯ ಮುಂದಿನ ಜನರ ಹಾಗೆ ಟಿವಿಯ ಮುಂದೆಯೇ ನೂಕಾಡುತ್ತಿದ್ದವು. ಹಿಂದೆ ಒಂದು ಸೊಳ್ಳೆಯ ಸದ್ದೂ ಇಲ್ಲ.

ಬೇರೆಯವರ ಮನೆಯಲ್ಲಾಗಿದ್ದರೆ ಇದೇನೂ ದೊಡ್ಡ ಸಂಗತಿಯಲ್ಲ. ಆದರೆ ಇದು ಅನೌನ್ಸರನ ಮನೆ. ರೈಲು ನಿಲ್ದಾಣದ ಮೇಲಂತಸ್ತಿನ ಗೂಡಿನಂಥ ಕೋಣೆಯಲ್ಲಿ ಕೂತು ಬರುವ ಗಾಡಿ, ಹೊರಡುವ ಗಾಡಿಗಳನ್ನು ಮೈಕಿನಲ್ಲಿ ಸಾರುವುದು ಅವನ ಉದ್ಯೋಗ. ಅವನು ಸ್ಪಷ್ಟವಾಗಿ ಹೇಳಿದ್ದು ಪ್ಲಾಟ್‌ಫಾರ್ಮಿನ ಸ್ಪೀಕರುಗಳಿಂದ ಹೊರಬರುವಾಗ ಬಾಯಿ ತುಂಬ ನೀರು ತುಂಬಿಕೊಂಡು ಜಗಳವಾಡಿದಂತೆ ಕೇಳುತ್ತಿತ್ತು ಎನ್ನುವುದು ಬೇರೆ ಮಾತು. ಇಡೀ ದಿನ ಮೈಕಿನ ಜೊತೆ ಸಂಸಾರ ಮಾಡುವವನು ಸದ್ದಿನ ವಿದ್ಯೆಯನ್ನು ಅರೆದು ಕುಡಿದಿರುತ್ತಾನೆ ಎಂದು ಅವನಿದ್ದ ಕಟ್ಟಡದವರೆಲ್ಲ ನಂಬಿದ್ದರು. ಮೈಕಿನ ಸ್ವಿಚ್ಚು ಹಾಕುವುದು, ತೆಗೆಯುವುದು ಬಿಟ್ಟು ಬೇರೇನೂ ತನಗೆ ಗೊತ್ತಿಲ್ಲ ಎಂದು ಹೇಳಲು ಅವನಿಗೆ ಎಂದೂ ಮನಸ್ಸಾಗಿರಲಿಲ್ಲ.

ಸರೌಂಡ್ ಸೌಂಡ್ ತಂದ ವಾರವಿಡೀ ಮೆಟ್ಟಿಲಲ್ಲಿ ಸಿಕ್ಕವರಿಗೆಲ್ಲ ಅದರ ವರ್ಣನೆ ನಡೆದಿತ್ತು. ಸಿನಿಮಾ ನೋಡುವುದಲ್ಲ, ಸಿನಿಮಾದೊಳಗೇ ಕೂರುವುದು ಎಂದು ಹೇಳಿ, ಭಾನುವಾರ ಮಧ್ಯಾಹ್ನಕ್ಕೆ ಮೇಲಿನ ಮನೆಯ ಡ್ರೈವಿಂಗ್ ಮೇಷ್ಟ್ರನ್ನೂ ಎದುರು ಮನೆಯ ಹಲ್ಲಿನ ಡಾಕ್ಟರಮ್ಮನನ್ನೂ ಕರೆದಿದ್ದ. ಮಾತಿನ ಭರದಲ್ಲಿ ಅಕ್ಕನಿಗೂ ಫೋನ್ ಮಾಡಿದ್ದ. ಅಕ್ಕ ಎಂದ ಮೇಲೆ ಭಾವನೂ ಬರಬೇಕು. ಭಾವ ಕಟ್ಟಡಗಳ ತಪಾಸಣೆ ಮಾಡುವ ಅಧಿಕಾರಿ. ಯಾರ ಮನೆಗೆ ಹೋದರೂ ಕುರ್ಚಿ ಹುಡುಕುವ ಮೊದಲು ಗೋಡೆಯ ಬಿರುಕು ಹುಡುಕುವವರು.

ಅಂಗಡಿಯವರನ್ನು ಕರೆಸಿ ಎಂದು ಹೆಂಡತಿ ಬೆಳಗ್ಗೆಯಿಂದ ಹೇಳುತ್ತಿದ್ದಳು. ಅನೌನ್ಸರನ ಮನೆಗೆ ಸ್ಪೀಕರ್ ರಿಪೇರಿಯವನು ಬಂದರೆ ಜನ ಏನೆನ್ನುತ್ತಾರೆ ಎಂದು ಅವನು ಅವಳ ಬಾಯಿ ಮುಚ್ಚಿಸಿದ್ದ. ಟಿವಿಯ ಬೆನ್ನಿನ ಒಂದು ತೂತಿನಲ್ಲಿದ್ದ ಕೇಬಲ್ಲನ್ನು ಕಿತ್ತು ಇನ್ನೊಂದಕ್ಕೆ ಹಾಕಿದ. ಆಗ ಮುಂದಿನ ಸ್ಪೀಕರುಗಳೂ ಸತ್ತವು. ಮೊದಲಿನ ತೂತಿಗೇ ಹಾಕಿದ, ಅವು ಬದುಕಿದವು. ಅಷ್ಟನ್ನೇ ಸಾಧನೆ ಎಂದುಕೊಂಡು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಮೇಷ್ಟ್ರೂ ಡಾಕ್ಟರಮ್ಮನೂ ಸಮಯಕ್ಕೆ ಮುಂಚೆಯೇ ಬಂದುಬಿಟ್ಟರು. ತೊಂದರೆ ಇದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನೆಲದ ಮೇಲೆ ಹರಡಿದ್ದ ತಂತಿಗಳೇ ಹೇಳಿದವು.

ಮೇಷ್ಟ್ರು ಹಿಂದಿನ ಸ್ಪೀಕರಿಗೆ ಪಾರ್ಕಿಂಗ್ ಪಾಠ ಶುರುಮಾಡಿದರು. ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ, ಹಿಂದೆ ನೋಡ್ಕೊಂಡು, ಸಾಕು ಎಂದು ಅನೌನ್ಸರನನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಆಡಿಸಿದರು. ಡಾಕ್ಟರಮ್ಮ ಮೊಬೈಲಿನ ಬೆಳಕು ಹಾಕಿ ಟಿವಿಯ ಹಿಂಭಾಗವನ್ನು ದವಡೆ ನೋಡುವಂತೆ ನೋಡಿದರು. ಮೇಲೆ ಮೇಲೆ ಸವರಿದರೆ ಆಗದು, ಬುಡಕ್ಕೇ ಕೈ ಹಾಕಬೇಕು ಎಂದು ಘೋಷಿಸಿ, ಅನೌನ್ಸರ್ ಸ್ಟೂಲಿನಿಂದ ಇಳಿಯುವುದರೊಳಗೆ ಟಿವಿಯನ್ನು ಅಂಗಡಿಯಿಂದ ಬಂದ ದಿನದ ಸ್ಥಿತಿಗೆ ತಂದು ನಿಲ್ಲಿಸಿದರು. ಟಿವಿ ಎಲ್ಲವನ್ನೂ ಮರೆತಿತ್ತು. ಯಾವ ಭಾಷೆ, ಯಾವ ದೇಶ, ಯಾವ ವೈಫೈ ಎಂದು ಒಂದೊಂದಾಗಿ ಕೇಳಿ, ಕೊನೆಗೆ ಸಿನಿಮಾ ಆ್ಯಪಿನ ಪಾಸ್‌ವರ್ಡ್ ಕೇಳಿತು.

ಅನೌನ್ಸರ್ ರಿಮೋಟಿನತ್ತ ಧಾವಿಸಿದ. ತಾನೇ ಒತ್ತುತ್ತೇನೆ ಎಂದು ಕೈ ಚಾಚಿದ. ರಿಮೋಟು ಮೇಷ್ಟ್ರ ಕೈಯಲ್ಲಿತ್ತು, ಮೇಷ್ಟ್ರು ಒಮ್ಮೆ ಹಿಡಿದ ಸ್ಟಿಯರಿಂಗ್ ಬಿಡುವವರಲ್ಲ. ನೀವು ಹೇಳುತ್ತಾ ಹೋಗಿ, ನಾನು ಒತ್ತುತ್ತೇನೆ ಎಂದರು. ಅವನು ಪಿಸುಗುಟ್ಟಿದ. ಅವರು ಪ್ರತಿ ಅಕ್ಷರವನ್ನೂ ದೊಡ್ಡ ದನಿಯಲ್ಲಿ ಹೇಳಿಕೊಂಡೇ ಒತ್ತಿದರು.

"ಬಿ, ಎಚ್, ಎ, ವಿ, ಎ. ಆಯ್ತು. ಎನ್, ಎ. ಆಮೇಲೆ ಕೆ, ಐ, ಆರ್, ಐ. ಮತ್ತೂ ಕೆ, ಐ, ಆರ್, ಐ." ಮೇಷ್ಟ್ರು ಕನ್ನಡಕ ಏರಿಸಿ ಪರದೆಯ ಮೇಲಿನದನ್ನು ಕೂಡಿಸಿ ಓದಿದರು. "ಭಾವನಕಿರಿಕಿರಿ. ಒಳ್ಳೇ ಪಾಸ್‌ವರ್ಡು ಕಣ್ರೀ. ಮರೆಯೋ ಭಯವೇ ಇಲ್ಲ."

ಬಾಗಿಲ ಬಳಿ ಯಾರೋ ಕೆಮ್ಮಿದರು. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅವಳ ಪಕ್ಕದಲ್ಲಿ ಭಾವ ಚಪ್ಪಲಿ ಬಿಡುತ್ತಿದ್ದರು.

ಆ ಕ್ಷಣಕ್ಕೆ ಕಟ್ಟಡ ಕುಸಿದಿದ್ದರೆ ಅನೌನ್ಸರ್ ಕೈಮುಗಿಯುತ್ತಿದ್ದ. ಅದು ಕುಸಿಯಲಿಲ್ಲ, ಬದಲಿಗೆ ಪಾಸ್‌ವರ್ಡ್ ತಪ್ಪು ಎಂದು ಟಿವಿ ಹೇಳಿತು. ಎಲ್ಲರೂ ಅವನ ಮುಖ ನೋಡಿದರು. ಅವನು ನೆಲ ನೋಡುತ್ತಾ ಹೇಳಿದ.

"ಮೊದಲನೇ ಬಿ ದೊಡ್ಡ ಅಕ್ಷರ."

"ಅಷ್ಟಾದ್ರೂ ಮರ್ಯಾದೆ ಕೊಟ್ಟಿದೀಯಲ್ಲ, ಬಿಡು," ಎಂದರು ಭಾವ, ಮತ್ತು ಕುರ್ಚಿ ಹುಡುಕದೆ ಗೋಡೆ ನೋಡಲು ಹೋದರು.

ಅಕ್ಕನೂ ಹೆಂಡತಿಯೂ ಒಬ್ಬರ ಮುಖ ಒಬ್ಬರು ನೋಡಿದರೆ ನಗು ತಡೆಯದಾಗಿ, ಟೇಲರ್ ಅಂಗಡಿಯಲ್ಲಿ ಕೆಲಸವಿದೆ ಎಂದು ಹೊರಟೇ ಹೋದರು. ಉಳಿದವರು ಕಿಟಕಿಯ ಪರದೆ ಎಳೆದು ಕತ್ತಲು ಮಾಡಿದರು. ಸೋಫಾದ ಮೇಲೆ ಮೇಷ್ಟ್ರು, ಡಾಕ್ಟರಮ್ಮ ಕೂತರು. ಸೊಂಟ ನೋವಿನ ಭಾವನಿಗೆ ಹಿಂದುಗಡೆ ಒಂದು ನೆಟ್ಟಗಿನ ಕುರ್ಚಿ. ಸಿನಿಮಾ ಶುರುವಾಯಿತು. ಗಣಿ ಕುಸಿದು ಒಳಗೆ ಸಿಕ್ಕಿಕೊಂಡವರ ಕತೆ, ಕನ್ನಡಕ್ಕೆ ಡಬ್ ಆದದ್ದು. ಹಿಂದಿನ ಸ್ಪೀಕರುಗಳು ಮಾತ್ರ ಯಥಾಪ್ರಕಾರ ಮೌನವ್ರತದಲ್ಲಿದ್ದವು.

ಡಾಕ್ಟರಮ್ಮ ಎರಡು ಸಲ ಕತ್ತು ತಿರುಗಿಸಿ ಅವುಗಳನ್ನು ನೋಡಿ, ಇವು ಯಾವಾಗ ಶುರುವಾಗುತ್ತವೆ ಎಂದು ಕೇಳಿದರು. ಈಗ ಬಯಲಿನ ದೃಶ್ಯ, ಗಣಿಯೊಳಗೆ ಹೋದ ಮೇಲೆ ಬರುತ್ತದೆ ಎಂದ ಅನೌನ್ಸರ್. ತಡವಾದ ಗಾಡಿಯನ್ನು ಇನ್ನೇನು ಬರಲಿದೆ ಎಂದು ಸಾರಿ ಸಾರಿ ಅವನಿಗೆ ಇಂಥ ಮಾತು ನಾಲಿಗೆಯ ತುದಿಯಲ್ಲೇ ಇರುತ್ತಿತ್ತು.

ಪರದೆಯ ಮೇಲೆ ಗಣಿ ಕುಸಿಯಿತು. ಧೂಳು ಇಳಿಯಿತು. ಒಳಗೆ ಸಿಕ್ಕವರು ಕಲ್ಲಿನಿಂದ ಬಂಡೆಗೆ ಬಡಿಯತೊಡಗಿದರು. ಆಗ ಹಿಂದಿನಿಂದ ಬಂತು.

ದಬ್. ದಬ್ ದಬ್.

ಡಾಕ್ಟರಮ್ಮ ಕಾಲು ಸೋಫಾದ ಮೇಲೆ ಎಳೆದುಕೊಂಡರು. ಮೇಷ್ಟ್ರು ಇಲ್ಲದ ಬ್ರೇಕನ್ನು ಒತ್ತಿದರು. ದಬ್ ದಬ್ ಇನ್ನೂ ಜೋರಾಯಿತು. ಮೈ ಜುಂ ಅಂತು ಎಂದರು ಡಾಕ್ಟರಮ್ಮ. ಇಪ್ಪತ್ತು ವರ್ಷ ಗಾಡಿ ಓಡಿಸಿದ ಕಿವಿಗೇ ಮೋಸವಾಯಿತು, ಬೆನ್ನ ಹಿಂದೆ ನಿಜವಾಗಿ ಯಾರೋ ಬಡಿದ ಹಾಗಿದೆ ಎಂದರು ಮೇಷ್ಟ್ರು. ಅನೌನ್ಸರನಿಗೆ ತಾನು ಏನೂ ಮಾಡಿಲ್ಲವೆಂದು ಗೊತ್ತಿತ್ತು. ಬಹುಶಃ ಕೇಬಲ್ಲಿಗೆ ತಾನಾಗಿ ಬುದ್ಧಿ ಬಂದಿರಬೇಕು ಎಂದುಕೊಂಡು, ಅದೆಲ್ಲ ಸೆಟ್ಟಿಂಗ್ ಮೇಲೆ ಹೋಗುತ್ತೆ ಎಂದು ಗಂಭೀರವಾಗಿ ಹೇಳಿದ.

ಅಷ್ಟರಲ್ಲಿ ಹಿಂದಿನಿಂದ ಒಂದು ಕ್ಷೀಣ ದನಿ ಕೇಳಿಸಿತು.

"ಲೋ ಪುಟ್ಟಾ... ಬಾಗಿಲು ತೆಗಿಯೋ..."

"ಪಾಪ, ಮಗನನ್ನ ನೆನೆಸ್ಕೊತಿದಾನೆ," ಎಂದು ಡಾಕ್ಟರಮ್ಮ ಕಣ್ಣೊರೆಸಿಕೊಂಡರು.

ಅನೌನ್ಸರನನ್ನು ಪುಟ್ಟಾ ಎಂದು ಕರೆಯುವವರು ಲೋಕದಲ್ಲಿ ಇಬ್ಬರೇ, ಅಕ್ಕ ಮತ್ತು ಭಾವ. ಮೆಲ್ಲಗೆ ತಿರುಗಿ ನೋಡಿದ. ನೆಟ್ಟಗಿನ ಕುರ್ಚಿ ಖಾಲಿಯಾಗಿತ್ತು. ಭಾವ ಬಟ್ಟೆ ಒಣಹಾಕುವ ಹಿಂದಿನ ಬಾಲ್ಕನಿಗೆ ಗೋಡೆಯ ತೇವ ನೋಡಲು ಹೋಗಿದ್ದಾರೆ, ಗಾಳಿಗೆ ಬಾಗಿಲು ಹಾಕಿಕೊಂಡಿದೆ. ಅದರ ಚಿಲಕ ತಾನಾಗಿ ಬೀಳುವ ಜಾತಿಯದು, ಒಳಗಿನಿಂದ ಮಾತ್ರ ತೆಗೆಯಬಹುದು.

ಎದ್ದು ಹೋಗಬೇಕು. ಎದ್ದರೆ ಸದ್ದು ನಿಲ್ಲುತ್ತದೆ. ನಿಂತರೆ ಆ ಎರಡು ಸ್ಪೀಕರುಗಳು ಗೋಡೆಗೆ ಅಂಟಿಸಿದ ಸೋಪಿನ ಡಬ್ಬಿಗಳೆಂದು ಗೊತ್ತಾಗುತ್ತದೆ. ಈ ದೃಶ್ಯವೊಂದು ಮುಗಿಯಲಿ ಎಂದುಕೊಂಡ. ಹಾಗೆ ಅಂದುಕೊಂಡದ್ದಕ್ಕೆ ಅವನಿಗೇ ನಾಚಿಕೆಯಾಯಿತು, ಆದರೂ ಏಳಲಿಲ್ಲ. ಭಾವ ಬಡಿಯುತ್ತಿದ್ದರು, ಮೇಷ್ಟ್ರು ಭೇಷ್ ಅನ್ನುತ್ತಿದ್ದರು. ಆ ಹೊಗಳಿಕೆ ಕದ್ದ ಸಿಹಿಯಂತೆ ಗಂಟಲಲ್ಲಿ ಇಳಿಯಲೂ ಇಲ್ಲ, ಉಗುಳುವುದಕ್ಕೂ ಆಗಲಿಲ್ಲ.

ದೃಶ್ಯ ಮುಗಿದ ಕೂಡಲೇ ಕಾಫಿ ತರುವ ನೆಪ ಹೇಳಿ ಓಡಿ, ಚಿಲಕ ತೆಗೆದು ಹೊರಗೆ ಕಾಲಿಟ್ಟ. ಬಾಲ್ಕನಿಯಲ್ಲಿ ಒದ್ದೆ ಬಿಳಿ ಬೆಡ್‌ಶೀಟಿನ ಪಕ್ಕ ಭಾವ ಕೆಂಪಗೆ ನಿಂತಿದ್ದರು. ಒಂದು ಕೈಯ ಗೆಣ್ಣುಗಳು ಉಬ್ಬಿದ್ದವು.

"ಕೇಳಿಸ್ಲಿಲ್ವೇನೋ?"

ಇಲ್ಲ ಎನ್ನಲು ಬಾಯಿ ತೆರೆದ. ಆ ಗೆಣ್ಣುಗಳನ್ನು ನೋಡಿದ.

"ಕೇಳಿಸ್ತು ಭಾವ."

"ಮತ್ತೆ?"

ಅವನು ಎಲ್ಲವನ್ನೂ ಹೇಳಿಬಿಟ್ಟ. ಸ್ಪೀಕರು ಕೆಲಸ ಮಾಡುತ್ತಿಲ್ಲ, ಮಾಡಿಸುವುದು ತನಗೆ ಗೊತ್ತಿಲ್ಲ, ನಿಮ್ಮ ಬಡಿತಕ್ಕೆ ಅವರು ತನ್ನನ್ನು ಹೊಗಳಿದರು, ತಾನು ಸುಮ್ಮನೆ ಕೂತೆ. ಹೇಳುವಾಗ ನೆಲದ ಮೇಲಿನ ಒಂದು ಬಟ್ಟೆ ಕ್ಲಿಪ್ಪನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಭಾವ ಬೈಯುತ್ತಾರೆಂದು ಕಾದ. ಅವರು ಬೈಯಲಿಲ್ಲ. ಕೈ ನೀವಿಕೊಳ್ಳುತ್ತಾ, ಬಿರುಕು ಬಿಟ್ಟ ಕಂಬವನ್ನು ನೋಡುವ ಹಾಗೆ ಅವನನ್ನು ಬಹಳ ಹೊತ್ತು ನೋಡಿದರು.

ಒಳಗಿನಿಂದ ಮೇಷ್ಟ್ರ ದನಿ ಕೇಳಿತು. ಡಾಕ್ಟರಮ್ಮ ತಮ್ಮ ಯಜಮಾನರನ್ನೂ ಕರೆಸಿದ್ದಾರಂತೆ. ಅವರಿಗಾಗಿ ಬಂಡೆ ಬಡಿಯುವ ದೃಶ್ಯವನ್ನು ಇನ್ನೊಮ್ಮೆ ಹಾಕುತ್ತಾರಂತೆ.

ಅನೌನ್ಸರನ ಮುಖ ಬೆಡ್‌ಶೀಟಿನ ಬಣ್ಣಕ್ಕೆ ತಿರುಗಿತು. ಭಾವ ಅವನನ್ನು ದಾಟಿ ಒಳಗೆ ಕಾಲಿಟ್ಟರು.

"ನೀನಿಲ್ಲೇ ಇರು ಪುಟ್ಟಾ," ಎಂದರು ಶಾಂತವಾಗಿ. "ನಾನು ಹೋಗಿ ಕೂತ್ಕೋತೀನಿ. ಅಷ್ಟು ಚೆನ್ನಾಗಿದೆಯಂತೆ, ನಾನೂ ಕೇಳಬೇಕಲ್ಲ."

ಹೊರಗಿನ ಬೆಳಕು ಸಿನಿಮಾಕ್ಕೆ ಅಡ್ಡಿ ಎಂದು ಬಾಗಿಲನ್ನೂ ಎಳೆದುಕೊಂಡರು. ಚಿಲಕ ಬಿತ್ತು.

ಭಾವ ತನ್ನ ಮಾನ ಕಾಯುತ್ತಿದ್ದಾರೆಂದು ತಿಳಿದು ಅನೌನ್ಸರನ ಕಣ್ಣು ತುಂಬಿತು. ಮುಷ್ಟಿ ಎತ್ತಿ ಕಾದ. ಗಣಿ ಕುಸಿದ ಸದ್ದು ಬಂತು. ಧೂಳು ಇಳಿಯುವಷ್ಟು ಹೊತ್ತು ಬಿಟ್ಟು ಭಕ್ತಿಯಿಂದ ಬಾಗಿಲಿಗೆ ಬಡಿದ. ದಬ್. ದಬ್ ದಬ್.

ಗೋಡೆಯ ಆ ಬದಿಯಿಂದ ಉತ್ತರ ಬಂತು. ಧಬ್. ಧಬ್ ಧಬ್. ಅವನದಕ್ಕಿಂತ ಗಟ್ಟಿ, ಅವನದಕ್ಕಿಂತ ಆಳ. ಕಲ್ಲು ಉರುಳಿತು, ನೀರು ತೊಟ್ಟಿಕ್ಕಿತು, ಯಾರೋ ಅವನ ಕಿವಿಯ ಪಕ್ಕದಲ್ಲೇ ಉಸಿರು ಬಿಟ್ಟರು. ಬಾಗಿಲ ಮೇಲಿನ ಗಾಳಿಕಿಂಡಿಯಿಂದ ಮೇಷ್ಟ್ರ ಮಾತು ತೇಲಿಬಂತು. ಸಿನಿಮಾ ಹಿಂದಕ್ಕೆ ಓಡಿಸಲು ಹೋಗಿ ಯಾವುದೋ ಗುಂಡಿ ಒತ್ತಿದರಂತೆ. ಧ್ವನಿ ಅಂತ ಎರಡು ಸಾಲು ಬಂದವಂತೆ. ಮಾಮೂಲಿ ಅನ್ನುವುದಕ್ಕೆ ಗುರುತು ಬಿದ್ದಿತ್ತು, ಕೆಳಗಿನ ಸರೌಂಡ್ ಅನ್ನುವುದನ್ನು ಒತ್ತಿದೆ, ಈಗ ಇನ್ನೂ ಚೆನ್ನಾಗಿ ಬರುತ್ತಿದೆ ಅಲ್ಲವೇ ಎನ್ನುತ್ತಿದ್ದರು.

ಅಷ್ಟೇ ಇದ್ದದ್ದು. ತೊಂದರೆ ಕೇಬಲ್ಲಿನಲ್ಲಿರಲಿಲ್ಲ, ಟಿವಿಯ ಬುಡದಲ್ಲೂ ಇರಲಿಲ್ಲ, ಸಿನಿಮಾ ಆ್ಯಪಿನ ಆ ಒಂದು ಗುರುತಿನಲ್ಲಿತ್ತು. ಅನೌನ್ಸರನಿಗೆ ಕುಣಿಯುವಂತಾಯಿತು. ಇನ್ನು ಕಳ್ಳತನ ಬೇಕಿಲ್ಲ, ಒಳಗೆ ಹೋಗಿ ತನ್ನ ಮನೆಯ ಸದ್ದನ್ನು ತಾನೂ ಕೇಳಬಹುದು. ಬಾಗಿಲು ತಳ್ಳಿದ, ಅದು ಅಲ್ಲಾಡಲಿಲ್ಲ. ಭಾವ ಎಂದು ಕೂಗಿದ, ಕೂಗು ಹೆಲಿಕಾಪ್ಟರಿನ ಕೆಳಗೆ ಸಿಕ್ಕು ಚಪ್ಪಟೆಯಾಯಿತು. ಈ ಸಲ ಬಾಗಿಲು ತೆಗೆಯಲೆಂದೇ ಎರಡೂ ಕೈಯಿಂದ ಬಡಿಯತೊಡಗಿದ.

ಅಷ್ಟರಲ್ಲಿ ಸಿನಿಮಾದಲ್ಲಿ ದೃಶ್ಯ ಬದಲಾಯಿತು. ಹೆಲಿಕಾಪ್ಟರು ಹೋಯಿತು. ಗಣಿಯ ಹೊರಗೆ, ಗಂಡನ ಸುದ್ದಿಗಾಗಿ ಒಬ್ಬಳು ಹೆಂಗಸು ಒಂಟಿಯಾಗಿ ಬೆಂಚಿನ ಮೇಲೆ ಕೂತಿರಬೇಕು, ಏಕೆಂದರೆ ಒಳಗೆಲ್ಲ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಅವನ ದಬ್ ದಬ್ ಒಂದೇ.

"ಇವಳು ಸುಮ್ನೆ ಕೂತಿದಾಳೆ, ಇದೇನು ಸದ್ದು?" ಎಂದು ಡಾಕ್ಟರಮ್ಮನ ಯಜಮಾನರು ಕೇಳಿದ್ದು ಸ್ಪಷ್ಟವಾಗಿ ಕೇಳಿಸಿತು. ಅನೌನ್ಸರ್ ಸಮಾಧಾನದ ಉಸಿರು ಬಿಟ್ಟು ಇನ್ನೂ ಜೋರಾಗಿ ಬಡಿದ.

"ಅವಳ ಎದೆ ಬಡಿತ ಕಣ್ರೀ," ಎಂದರು ಮೇಷ್ಟ್ರು. "ಹೇಗೆ ತೆಗೆದಿದಾರೆ ನೋಡಿ."

ಆಮೇಲೆ ನೆಟ್ಟಗಿನ ಕುರ್ಚಿಯ ಕಡೆಯಿಂದ ಭಾವನ ತೃಪ್ತ ದನಿ ಬಂತು.

"ಪಾಪ, ಸಂಕಟದಲ್ಲಿದಾಳೆ. ಸದ್ದು ಇನ್ನೂ ಸ್ವಲ್ಪ ಜೋರು ಮಾಡಿ ಮೇಷ್ಟ್ರೇ."