ಐದನೇ ಟೈರು

ಬೆಳಿಗ್ಗೆ ಹಾಲು ತರಲು ಇಳಿದ ಡ್ರಾಯಿಂಗ್ ಮೇಷ್ಟ್ರಿಗೆ ಮೆಟ್ಟಿಲ ಬಳಿ ಹೊಸ ನೋಟೀಸು ಕಂಡಿತು. ‘ಸ್ಟೆಪ್ನಿ ಸೇರಿ ಐದು ಟೈರು ಪೂರ್ತಿ ಇಲ್ಲದ ಕಾರನ್ನು ಗುಜರಿಯೆಂದು ಪರಿಗಣಿಸಿ ಇಂದು ಸಂಜೆ ಐದಕ್ಕೆ ಎಳೆದೊಯ್ಯಲಾಗುವುದು.’ ಕೆಳಗೆ ಕಟ್ಟಡದ ಸಂಘದ ಕಾರ್ಯದರ್ಶಿಯ ಸಹಿ. ಅಂಗಳದ ಹನ್ನೊಂದು ಕಾರುಗಳಲ್ಲಿ ಸ್ಟೆಪ್ನಿ ಇಲ್ಲದ್ದು ಒಂದೇ. ನೋಟೀಸಿನಲ್ಲಿ ಮೇಷ್ಟ್ರ ಹೆಸರು ಬರೆದಿರಲಿಲ್ಲ, ಅಷ್ಟೇ.

ಅದು ಮೇಷ್ಟ್ರ ಅಕ್ಕನ ಕಾರು. ತಾಯಿಯಿಲ್ಲದ ತಮ್ಮನನ್ನು ಅದರಲ್ಲೇ ಶಾಲೆಗೆ ಬಿಟ್ಟು, ಅದರಲ್ಲೇ ಬೈದು, ಅದರಲ್ಲೇ ಗಾಡಿ ಓಡಿಸಲು ಕಲಿಸಿದವಳು ಅವಳು. ಅವಳು ಹೋದ ಮೇಲೆ ಮೇಷ್ಟ್ರಿಗೆ ಉಳಿದದ್ದು ಇದೊಂದೇ. ಬೀದಿಯಲ್ಲಿ ನಿಲ್ಲಿಸಿದರೆ ಪೊಲೀಸರು ಬಿಡುವುದಿಲ್ಲ. ಈ ಅಂಗಳ ತಪ್ಪಿದರೆ ಅದಕ್ಕೆ ಬೇರೆ ನೆಲೆಯಿಲ್ಲ. ಮೇಷ್ಟ್ರು ನೇರ ಹೋಗಿ ಕಾರ್ಯದರ್ಶಿಯ ಬಾಗಿಲು ತಟ್ಟಿದರು.

“ಸಂಜೆ ಬಂದು ಎಣಿಸ್ಕೊಳ್ಳಿ. ಐದೂ ಇರುತ್ತೆ.”

“ಆ ಸೈಜು ಈಗ ಎಲ್ಲಿ ಸಿಗುತ್ತೆ ಮೇಷ್ಟ್ರೇ?”

“ಅದು ನನ್ನ ತಲೆನೋವು. ನೀವು ಅಷ್ಟರೊಳಗೆ ಎಣಿಸೋದು ಕಲ್ತ್ಕೊಂಡಿರಿ.”

ಮಾತು ಜೋರಾಗಿಯೇ ಬಂತು. ಟೈರು ಮಾತ್ರ ಬರಲಿಲ್ಲ. ಶಾಲೆಗೆ ರಜೆ ಹಾಕಿ ಅದೇ ಕಾರಿನಲ್ಲಿ ಹೊರಟರೆ, ಪಕ್ಕದ ಮನೆಯ ಬ್ಯಾಂಕಿನವರು ಕರೆಯದೆಯೇ ಬಂದು ಮುಂದಿನ ಸೀಟಿನಲ್ಲಿ ಕೂತರು. ನಿವೃತ್ತರಾದ ಮೇಲೆ ಬೇರೆಯವರ ಕಷ್ಟವೇ ಅವರ ಕಾಲಕ್ಷೇಪ.

“ಸಾರ್, ಈ ಅಳತೆ ಟೈರು ಹಾಕ್ತಿದ್ದ ಗಾಡಿಗಳೆಲ್ಲ ಕಣ್ಮುಚ್ಚಿ ಎಷ್ಟೋ ವರ್ಷ ಆಯ್ತು,” ಎಂದ ಮೊದಲ ಅಂಗಡಿಯವನು. ಎರಡನೆಯವನು ಒಂದು ಸುತ್ತು ದೊಡ್ಡದನ್ನು ತಂದು ಡಿಕ್ಕಿಗೆ ತುರುಕಿದ. ಮುಚ್ಚಳ ಮುಚ್ಚಲಿಲ್ಲ. ಬ್ಯಾಂಕಿನವರು ಅದರ ಮೇಲೆ ಕೂತು ಮುಚ್ಚಿಸಿದರು. ಆಮೇಲೆ ಅದು ತೆರೆಯಲಿಲ್ಲ. ಮೂವರು ಸೇರಿ ಎಬ್ಬಿ ಟೈರು ಹೊರತೆಗೆಯುವಷ್ಟರಲ್ಲಿ ಮಧ್ಯಾಹ್ನವಾಯಿತು.

“ಆಟೋ ಟೈರು ಹಾಕ್ಬಿಡಿ ಮೇಷ್ಟ್ರೇ. ಡಿಕ್ಕೀಲಿ ಮಲಗಿರೋದಕ್ಕೆ ಅಳತೆ ಯಾಕೆ?” ಎಂದರು ಬ್ಯಾಂಕಿನವರು.

“ಮಲಗಿದ್ರೂ ಅದರದ್ದೇ ಮಲಗಿರ್ಬೇಕು. ಮೋಸ ಮಾಡಿ ಗೆಲ್ಲೋ ಹಾಗಿದ್ರೆ ಬೆಳಿಗ್ಗೆ ಅಷ್ಟು ಮಾತಾಡ್ತಿರ್ಲಿಲ್ಲ.”

ಆರನೇ ಅಂಗಡಿಯ ಪಂಕ್ಚರಿನವನು ಒಬ್ಬ ನಿವೃತ್ತ ನರ್ಸಮ್ಮನ ಮನೆ ತೋರಿಸಿದ. ಅಲ್ಲಿ ಶೆಡ್ಡಿನಲ್ಲಿ ಅದೇ ಮಾದರಿಯ ಕಾರು, ಡಿಕ್ಕಿಯಲ್ಲಿ ಒಮ್ಮೆಯೂ ನೆಲ ಮುಟ್ಟದ ಸ್ಟೆಪ್ನಿ. ಅದೊಂದನ್ನು ಕೊಡಿ ಎಂದು ಮೇಷ್ಟ್ರು ಕೈಮುಗಿದರು.

“ಬಿಡಿಯಾಗಿ ಕೊಡಲ್ಲ,” ಎಂದರು ನರ್ಸಮ್ಮ. “ಒಬ್ಬರು ಕನ್ನಡಿ ಕೇಳ್ತಾರೆ, ಇನ್ನೊಬ್ಬರು ಹಾರ್ನ್ ಕೇಳ್ತಾರೆ. ಇಷ್ಟು ವರ್ಷ ಜೊತೆಗಿದ್ದದ್ದನ್ನ ಕೊಯ್ದು ಹಂಚಲಾ? ಪೂರ್ತಿ ತಗೊಂಡು ಹೋಗಿ, ದುಡ್ಡು ಬೇಡ. ಗುಜರಿಗೆ ಮಾತ್ರ ಬಿಡಲ್ಲ ಅಂತ ಮಾತು ಕೊಡಿ.”

“ಕೊಟ್ಟೆ ಅಮ್ಮಾ,” ಎಂದರು ಮೇಷ್ಟ್ರು, ಒಂದು ಕ್ಷಣವೂ ಯೋಚಿಸದೆ.

ಇಂಜಿನ್ನು ಕೆಟ್ಟಿದ್ದ ಆ ಕಾರನ್ನು ಅಕ್ಕನ ಕಾರಿನ ಹಿಂದೆ ಹಗ್ಗ ಕಟ್ಟಿ ಎಳೆದರು. ಅದರ ಸ್ಟೇರಿಂಗ್ ಹಿಡಿದು ಬ್ಯಾಂಕಿನವರು ದಾರಿಯುದ್ದಕ್ಕೂ ಸಲಹೆ ಕೂಗುತ್ತಾ ಬಂದರು. ಹಗ್ಗ ಎರಡು ಸಲ ಕಿತ್ತುಹೋಯಿತು. ಐದಕ್ಕೆ ಹತ್ತು ನಿಮಿಷವಿರುವಾಗ ಅಂಗಳ ಸೇರಿದರೆ, ಕ್ರೇನು ಆಗಲೇ ಕಾದು ನಿಂತಿತ್ತು.

ಮೇಷ್ಟ್ರು ನರ್ಸಮ್ಮನ ಕಾರಿನ ಸ್ಟೆಪ್ನಿ ತೆಗೆದು ಅಕ್ಕನ ಕಾರಿನಲ್ಲಿಟ್ಟರು. ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು.

“ಎಣಿಸಿ.”

ಕಾರ್ಯದರ್ಶಿ ಬಗ್ಗಿ ಬಗ್ಗಿ ಎಣಿಸಿದರು. ಐದು. ಬಾಲ್ಕನಿಗಳಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಕಾರ್ಯದರ್ಶಿ ಅಲ್ಲಿಗೇ ನಿಲ್ಲದೆ ಹಿಂದಿನ ಕಾರನ್ನೂ ಒಂದು ಸುತ್ತು ಬಂದರು.

“ಇದು ಯಾರದು?”

“ಇದೂ ನಂದೇ.”

“ಇದರಲ್ಲಿ ನಾಲ್ಕೇ ಇದೆ ಮೇಷ್ಟ್ರೇ.”

ಮೇಷ್ಟ್ರು ಸ್ಟೆಪ್ನಿಯನ್ನು ಅತ್ತ ಇಟ್ಟರು. ಇತ್ತ ನಾಲ್ಕಾಯಿತು. ಮತ್ತೆ ಇತ್ತ ತಂದರು. ಒಂದು ಕಡೆ ಅಕ್ಕ, ಇನ್ನೊಂದು ಕಡೆ ಕೊಟ್ಟ ಮಾತು.

“ಯಾವುದನ್ನ ಎಳೀಲಿ, ನೀವೇ ಹೇಳಿ,” ಎಂದರು ಕಾರ್ಯದರ್ಶಿ, ತಾಳ್ಮೆಯಿಂದ.

ಮೇಷ್ಟ್ರು ಎರಡು ಕಾರುಗಳ ನಡುವಿನ ಹಗ್ಗಕ್ಕೆ ಇನ್ನೊಂದು ಗಂಟು ಬಿಗಿದು, ಅಕ್ಕನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡರು.

“ಎರಡನ್ನೂ ಎಳೀರಿ. ನನ್ನನ್ನೂ ಸೇರಿಸಿ. ಆಗುತ್ತಾ ನೋಡೋಣ.”

ಆಯಿತು. ಬೆಳಿಗ್ಗೆ ಹೋಗಬೇಕಿದ್ದದ್ದು ಒಂದು ಕಾರು. ಸಂಜೆ ಐದಕ್ಕೆ ಸರಿಯಾಗಿ ಗೇಟು ದಾಟಿದ್ದು ಎರಡು. ಹಿಂದಿನದರಲ್ಲಿ, ಬಂದಾಗಿನಿಂದ ಬಾಗಿಲು ತೆರೆಯಲಾಗದೆ ಬ್ಯಾಂಕಿನವರು ಗಾಜು ಬಡಿಯುತ್ತಿದ್ದರು. ಮುಂದಿನದರಲ್ಲಿ ಮೇಷ್ಟ್ರು, ತಾವೇ ಓಡಿಸುತ್ತಿರುವವರಂತೆ ನೆಟ್ಟಗೆ ಕೂತು, ತಿರುವಿನಲ್ಲಿ ಕ್ರೇನಿಗೆ ಹಾರ್ನ್ ಹೊಡೆದರು.