ಧೂಳಿಗೆ ಹೆದರುವ ದೊಡ್ಡಪ್ಪ

ನಮ್ಮ ದೊಡ್ಡಪ್ಪ ಹಾವಿಗೆ ಹೆದರುವುದಿಲ್ಲ, ಪೊಲೀಸರಿಗೆ ಹೆದರುವುದಿಲ್ಲ, ದೊಡ್ಡಮ್ಮನಿಗೂ ಅಷ್ಟಾಗಿ ಹೆದರುವುದಿಲ್ಲ. ಅವರು ಹೆದರುವುದು ಧೂಳಿಗೆ! ಯಂತ್ರದಿಂದ ನೆಲ ಉಜ್ಜಿ ಪಾಲಿಶ್ ಮಾಡುವುದೇ ಕಸುಬಾದ ಮನುಷ್ಯ ಧೂಳಿಗೆ ಹೆದರಿದರೆ ಹೇಗೆ ಹೇಳಿ? ದೋಸೆ ಭಟ್ಟರು ಹೆಂಚಿಗೆ ಹೆದರಿದ ಹಾಗಲ್ಲವೇ?

ಚಾಮರಾಜಪೇಟೆಯ ನಮ್ಮ ಮನೆಯ ಮೊಸಾಯಿಕ್ ನೆಲ ತಾತನ ಕಾಲದ್ದು. ತಂಗಿಯ ನಿಶ್ಚಿತಾರ್ಥಕ್ಕೆ ದಿನ ಗೊತ್ತಾದಾಗ ಅದಕ್ಕೊಂದಿಷ್ಟು ಹೊಳಪು ಬರಲಿ ಎಂದು ಅಮ್ಮ ತನ್ನ ಅಕ್ಕನ ಗಂಡನಿಗೇ ಫೋನ್ ಮಾಡಿದಳು. ಬೆಳಿಗ್ಗೆ ಬಂದ ದೊಡ್ಡಪ್ಪ ಯಂತ್ರ ಇಳಿಸುವ ಮೊದಲು ಮನೆಯ ಫ್ಯಾನುಗಳನ್ನೆಲ್ಲ ಆರಿಸಿದರು. ಅದೂ ಏಪ್ರಿಲ್ ತಿಂಗಳಲ್ಲಿ! ಆಮೇಲೆ ಅಡುಗೆಮನೆಯ ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಸುತ್ತಲೂ ಟೇಪ್ ಅಂಟಿಸಿದರು.

“ಭಾವ, ಕಾಫಿ ಆದ್ರೂ ಮಾಡ್ಕೋಬೇಡ್ವಾ?” ಎಂದಳು ಅಮ್ಮ.

“ಹಿತ್ತಲ ಬಾಗಿಲಿಂದ ಹೋಗಮ್ಮ.”

“ಅದರ ಬೀಗದ ಕೈ ಅಡುಗೆಮನೇಲೇ ಇದೆ!”

“ಹಂಗಾದ್ರೆ ಹೋಟ್ಲಿಂದ ತರಿಸು.”

ಅವರ ಜೊತೆ ಬಂದಿದ್ದ ನಲವತ್ತರ ಕೆಲಸಗಾರ ತಿರುಪತಿಗೆ ಹರಕೆ ಹೊತ್ತು ಗಡ್ಡ ಬಿಟ್ಟಿದ್ದ. ಅವನನ್ನು ದೊಡ್ಡಪ್ಪ ಗೇಟಿನಲ್ಲೇ ತಡೆದರು.

“ಗಡ್ಡ ಇದ್ರೆ ಮಾಸ್ಕು ಮುಖಕ್ಕೆ ಸರಿಯಾಗಿ ಕೂರಲ್ಲ. ಸಂದೀಲಿ ಧೂಳು ನುಗ್ಗತ್ತೆ.”

“ದೇವರ ಹರಕೆ, ಯಜಮಾನ್ರೇ!”

“ಉಸಿರಾಡೋನು ನೀನಾ, ದೇವ್ರಾ? ಮುಡಿ ಕೊಟ್ಬಿಟ್ಟೇ ಬಾ, ಹೋಗು.”

ದೊಡ್ಡಪ್ಪನಾದರೂ ಏನು ಕಮ್ಮಿ? ಹೆತ್ತ ತಾಯಿ ತೀರಿಕೊಂಡ ಮೂರನೆಯ ದಿನವೇ ನುಣ್ಣಗೆ ಗಡ್ಡ ಬೋಳಿಸಿ ಕೆಲಸಕ್ಕೆ ಹೋಗಿ ನೆಂಟರ ಬಾಯಿಗೆ ಬಿದ್ದಿದ್ದವರು! ಕೆಲಸಗಾರ ತಿರುಪತಿಯ ಬಸ್ಸು ಹಿಡಿದ. ಅರವತ್ತೆರಡರ ದೊಡ್ಡಪ್ಪ ತಾವೇ ಯಂತ್ರ ಹಿಡಿದರು.

ಸುಮ್ಮನೆ ಉಜ್ಜುತ್ತಾರೆಯೇ? ಉದ್ದಕ್ಕೂ ನೀರು ಬಿಡಬೇಕು, ಧೂಳು ಏಳಬಾರದು. ನೀರಿದ್ದ ಕಡೆ ಕರೆಂಟು ಹೊಡೆಯಬಾರದೆಂದು ತಟ್ಟನೆ ಆಫ್ ಆಗುವ ಸ್ವಿಚ್ಚೊಂದನ್ನು ಮನೆಯಿಂದಲೇ ತಂದಿದ್ದರು. ಗೋಡೆಯಂಚಿಗೆ ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರ. ಅದರ ಬೆನ್ನಿಗೆ ಧೂಳೆಳೆಯುವ ವ್ಯಾಕ್ಯೂಮ್ ಪೈಪು. ಸಂಜೆಯ ಹೊತ್ತಿಗೆ ನಡುಮನೆಯ ತುಂಬ ಬೂದುಬಣ್ಣದ ಕೆಸರು ನಿಂತಿತ್ತು.

“ಸಾಕು ಭಾವ, ಸುಸ್ತಾಗಿದೀರಿ. ನಾಳೆ ಒಣಗಿದ್ಮೇಲೆ ನಾನೇ ಗುಡಿಸ್ತೀನಿ,” ಎಂದು ಅಮ್ಮ ಪೊರಕೆ ತೋರಿಸಿದಳು.

“ಒಣಗಿದ ಕೆಸರು ಗುಡಿಸಿದ್ರೆ ಮತ್ತೆ ಧೂಳೇ ಕಣಮ್ಮಾ!” ದೊಡ್ಡಪ್ಪ ಪೊರಕೆಯನ್ನು ಕಿತ್ತುಕೊಂಡು ಬೀದಿಗೇ ಎಸೆದರು. ಎದುರು ಮನೆಯವರು ನಮ್ಮಲ್ಲಿ ಜಗಳವೆಂದುಕೊಂಡು ಬಾಗಿಲಿಗೆ ಬಂದು ನಿಂತರು. ನಾನೂ ತಂಗಿಯೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನಗು ನಿಲ್ಲುವುದರೊಳಗೆ, ಮಂಡಿಯೂರಿ ಕೆಸರು ಬಾಚುತ್ತಿದ್ದ ದೊಡ್ಡಪ್ಪ ಗೋಡೆಗೆ ಒರಗಿ ಕೂತುಬಿಟ್ಟರು. ತುಟಿ ನೀಲಿಯಾಗಿತ್ತು. ಉಸಿರು ಎಳೆದರೆ ಬರುತ್ತಿರಲಿಲ್ಲ. “ಈ ಸೆಖೇಲಿ ಫ್ಯಾನ್ ಬೇಡ ಅಂತೀರಲ್ಲ!” ಎಂದು ಬೈಯುತ್ತ ಅಮ್ಮ ಫ್ಯಾನ್ ಹಾಕಿದಳು. ದೊಡ್ಡಪ್ಪ ಬೇಡವೆನ್ನಲಿಲ್ಲ. ಆಗ ನಮಗೆ ಭಯವಾಯಿತು.

ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಎರಡೂ ಶ್ವಾಸಕೋಶದಲ್ಲಿ ಕಲ್ಲಿನ ಪುಡಿ ಕೂತು ಗಟ್ಟಿಯಾಗಿದೆ. ಅದನ್ನು ಹೊರಗೆ ತೆಗೆಯುವ ಮದ್ದಿಲ್ಲ.

“ಇಷ್ಟೆಲ್ಲಾ ಹುಷಾರಾಗಿರ್ತಾರಲ್ಲ ಡಾಕ್ಟ್ರೇ!” ಎಂದೆ.

ಉತ್ತರ ಕೊಟ್ಟವರು ದೊಡ್ಡಪ್ಪ. “ಈಗ ಹುಷಾರಮ್ಮ. ಮೊದಲ ಹದಿನೆಂಟು ವರ್ಷ ಮೂಗಿಗೊಂದು ಟವೆಲ್ ಕಟ್ಕೊಂಡು ನೀರಿಲ್ದೇ ಉಜ್ಜಿದೀವಿ. ಜೊತೇಲಿದ್ದ ಇಬ್ರು ಕೆಮ್ಮಿ ಕೆಮ್ಮಿ ಹೋದ್ರು. ಆಮೇಲೆ ಬುದ್ಧಿ ಬಂತು.”

“ನಿಮಗೂ ಹಿಂಗಾಗಿದೆ ಅಂತ ಗೊತ್ತಿತ್ತಾ?”

“ಆರು ವರ್ಷ ಆಯ್ತು. ನನ್ನೊಳಗೆ ಧೂಳು ಹೋಗಿದ್ದು ಹೋಯ್ತು. ಇನ್ನೊಬ್ರೊಳಗೆ ಹೋಗ್ಬಾರ್ದು, ಅಷ್ಟೇ.”

ಪಕ್ಕದಲ್ಲಿ ಕೂತಿದ್ದ ದೊಡ್ಡಮ್ಮನಿಗೆ ಇದು ಗೊತ್ತಿರಲಿಲ್ಲ. ಆಕೆ ಅವರ ಅಂಗಿಯ ಬಿಚ್ಚಿದ್ದ ಗುಂಡಿಯನ್ನು ಹಾಕಿದಳು.

ನಿಶ್ಚಿತಾರ್ಥ ನಡೆಯಿತು. ಮುಡಿ ಕೊಟ್ಟು ಬಂದ ಕೆಲಸಗಾರ ಪಾಲಿಶ್ ಮುಗಿಸಿದ್ದ ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಗಂಡಿನ ಕಡೆಯವರು ಹೊಗಳಿದ್ದು ಮಾತ್ರ ಕೇಸರಿಬಾತನ್ನು! ದೊಡ್ಡಪ್ಪ ಮೂಲೆಯ ಕುರ್ಚಿಯಲ್ಲಿ ಕೂತು, ಯಾರಾದರೂ ಚೇರು ಎಳೆದರೆ ಗೀರು ಬೀಳುತ್ತದೆಂದು ಕಣ್ಣಲ್ಲೇ ಗದರಿಸುತ್ತಿದ್ದರು. ಬಾಯಲ್ಲಿ ಗದರಿಸುವಷ್ಟು ಉಸಿರಿರಲಿಲ್ಲ.

ಹೋದ ವಾರ ಅವರನ್ನು ಗಾಂಧಿ ಬಜಾರಿಗೆ ಕರೆದುಕೊಂಡು ಹೋಗಿದ್ದೆ. ಹತ್ತು ಹೆಜ್ಜೆಗೊಮ್ಮೆ ಉಸಿರಿಗಾಗಿ ನಿಲ್ಲುತ್ತಿದ್ದರು. ಜನ್ಮದಲ್ಲಿ ಒಂದು ಮೊಳ ಹೂ ಕೊಳ್ಳದ ಮನುಷ್ಯ ಸೇವಂತಿಗೆಯ ಕುಕ್ಕೆಯನ್ನು ಬಹಳ ಆಸಕ್ತಿಯಿಂದ ನೋಡಿದರು. ಆಮೇಲೆ ಬಳೆ ಅಂಗಡಿಯ ಮುಂದೆ ನಿಂತು ಹಸಿರು ಗಾಜಿನ ಬಳೆಯೊಂದನ್ನು ಎತ್ತಿ ಹಿಡಿದರು.

“ಯಾರಿಗೆ ಸಾರ್? ಯಾವ ಸೈಜು?” ಅಂಗಡಿಯಾಕೆ ಕೇಳಿದಳು. ದೊಡ್ಡಪ್ಪ ಇನ್ನೂ ಏದುಸಿರು ಬಿಡುತ್ತಿದ್ದರು.

ವಾಚು ಬಿಟ್ಟರೆ ಕೈಗೆ ಏನನ್ನೂ ಹಾಕದವಳು ನಾನು. “ನನಗೇ,” ಎಂದು ಕೈ ಚಾಚಿದೆ.

ಆಕೆ ಬೆರಳ ಗಂಟು ಒತ್ತಿ ಒತ್ತಿ ಒಂದೊಂದಾಗಿ ಬಳೆ ಏರಿಸಿದಳು. ಎರಡೂ ಕೈಗೆ ಒಂದು ಡಜನ್ ಆಗುವ ಹೊತ್ತಿಗೆ ದೊಡ್ಡಪ್ಪನ ಎದೆಯ ಏದುಸಿರು ಸ್ವಲ್ಪ ತಗ್ಗಿತ್ತು.

“ಹೋಗೋಣ್ವೇನಮ್ಮಾ?” ಎಂದರು.

“ತಾಳಿ ದೊಡ್ಡಪ್ಪ,” ಎಂದೆ, “ಇನ್ನೊಂದು ಡಜನ್ ಹಾಕಿಸ್ಕೊತೀನಿ.”